ಆರ್ಕಿಟೆಕ್ಚರ್ ಶಾಲೆಗಳ ಒಂದು ವರ್ಷದ ಬೋಧನೆ–ಸಂಶೋಧನಾ ಫೆಲೋಶಿಪ್: ಅರ್ಜಿ ಹಾಕುವ ಮುಂಚೆ ಏನೇನು ತಿಳಿದಿರಬೇಕು?

ತೊಲೆಜಂತಿ:

ಎಲ್ಲರಿಗೂ ನಮಸ್ಕಾರ. ಎಂ.ಆರ್ಕ್. (ಆರ್ಕಿಟೆಕ್ಚರ್ ಸ್ನಾತಕೋತ್ತರ ಪದವಿ) ಮುಗಿಸಿ ಆಫೀಸೊಂದರಲ್ಲಿ ಕೆಲಸ ಮಾಡ್ತಿದ್ದೇನೆ. ವರ್ಕಿಂಗ್ ಡ್ರಾಯಿಂಗ್, ಸೈಟ್, ಅಳತೆ ಪುಸ್ತಕ ಎಲ್ಲಾ ಕೈಗೆ ಹತ್ತಿದೆ. ಆದರೆ ಮನಸ್ಸು ಮೊದಲಿಂದಲೂ ಪಾಠದ ಕಡೆಗೇ. ಜ್ಯೂರಿಗೆ (ವಿದ್ಯಾರ್ಥಿಗಳ ಕೆಲಸದ ವಿಮರ್ಶೆಗೆ) ಕರೆದಾಗಲೆಲ್ಲ ಹೋಗ್ತೀನಿ, ವಾಪಸ್ ಬಂದ ಮೇಲೂ ಆ ಮಕ್ಕಳ ಮಾಡೆಲ್‌ಗಳೇ ತಲೆಯಲ್ಲಿ ಓಡ್ತಿರುತ್ತವೆ.

ಪಿಎಚ್‌ಡಿ ಇಲ್ಲ, ಸದ್ಯಕ್ಕೆ ಮಾಡೋ ಯೋಚನೆಯೂ ಇಲ್ಲ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ವೃತ್ತಿಯ ಆರಂಭದಲ್ಲಿರುವವರಿಗೆ ಕೊಡುವ ಒಂದು ವರ್ಷದ ಫೆಲೋಶಿಪ್‌ಗಳಿಗೆ ಅರ್ಜಿ ಹಾಕಬೇಕು ಅಂತಿದ್ದೇನೆ. ಕೆಡವಿದ ಕಟ್ಟಡಗಳಿಂದ ಬಂದ ಮರವನ್ನು ಮತ್ತೆ ತೊಲೆ, ಜಂತಿ, ಕಂಬವಾಗಿ ಬಳಸೋದು ನನ್ನ ವಿಷಯ. ಅರ್ಜಿಯಲ್ಲಿ ಅವರು ನಿಜವಾಗಿ ನೋಡೋದು ಏನನ್ನ? ಪಾಠ ಮಾಡಿಕೊಂಡು ಸಂಶೋಧನೆಗೆ ಸಮಯ ಸಿಗುತ್ತಾ? ವರ್ಷ ಮುಗಿದ ಮೇಲೆ ಮುಂದೇನು? ಅನುಭವ ಇದ್ದವರು ದಯವಿಟ್ಟು ವಿವರವಾಗಿ ಬರೀರಿ.

ಪಡಸಾಲೆ:

ಇಂಥದ್ದೊಂದು ಫೆಲೋಶಿಪ್ ಮುಗಿಸಿ ಈಗ ಪೂರ್ಣಾವಧಿ ಪಾಠ ಮಾಡ್ತಿದ್ದೇನೆ. ಗೊತ್ತಿರೋದನ್ನ ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ.

ಹೆಸರು ಫೆಲೋಶಿಪ್ ಅಂತಿದ್ದರೂ ಇದೊಂದು ಉದ್ಯೋಗ ಅನ್ನೋದನ್ನ ಮೊದಲು ಮನಸ್ಸಲ್ಲಿ ಇಟ್ಕೊಳ್ಳಿ. ಸಂಬಳ ಕೊಟ್ಟು ಪಾಠ ಮಾಡಿಸ್ತಾರೆ. ಜೊತೆಗೆ ನಿಮ್ಮದೇ ಒಂದು ಕೆಲಸವನ್ನು ಮುಗಿಸಿ ತೋರಿಸೋಕೆ ಜಾಗ, ವರ್ಕ್‌ಶಾಪ್, ಸ್ವಲ್ಪ ಹಣ, ಕೊನೆಗೊಂದು ಪ್ರದರ್ಶನ ಅಥವಾ ಸಾರ್ವಜನಿಕ ಉಪನ್ಯಾಸ. ಹೆಚ್ಚಿನ ಕಡೆ ಚೌಕಟ್ಟು ಇಷ್ಟೇ.

ಆದರೆ ಶಾಲೆಯಿಂದ ಶಾಲೆಗೆ ಒಲವು ಬೇರೆ. ಮಿಷಿಗನ್ ವಿಶ್ವವಿದ್ಯಾಲಯದ ಟೌಬ್‌ಮನ್ ಕಾಲೇಜಿನಲ್ಲಿ ಹಿಂದಿನಿಂದ ಮೂರು ಹೆಸರುಗಳಿವೆ: ಮುಶೆನ್‌ಹೈಮ್, ಓಬರ್‌ಡಿಕ್, ಸ್ಯಾಂಡರ್ಸ್. ಮೊದಲನೆಯದು ವಿನ್ಯಾಸ ಬೋಧನೆಯ ಕಡೆ, ಎರಡನೆಯದು ಒಂದು ಪ್ರಾಜೆಕ್ಟ್ ಮಾಡಿ ತೋರಿಸುವ ಕಡೆ, ಮೂರನೆಯದು ಸಂಶೋಧನೆಯ ಕಡೆ ವಾಲುತ್ತೆ. ಒಂದಕ್ಕೆ ಬರೆದ ಪತ್ರವನ್ನೇ ಇನ್ನೊಂದಕ್ಕೂ ಅಂಟಿಸಿ ಕಳಿಸಿದರೆ ಓದುವವರಿಗೆ ತಕ್ಷಣ ತಿಳಿಯುತ್ತೆ. ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನ ವಿಶ್ವವಿದ್ಯಾಲಯದಲ್ಲಿರೋದು ರೇನರ್ ಬ್ಯಾನಮ್ ಹೆಸರಿನದ್ದು. ಆತ 1976ರಿಂದ 1980ರವರೆಗೆ ಅಲ್ಲಿ ಪಾಠ ಮಾಡುತ್ತಾ ಆ ಊರಿನ ಕಾಂಕ್ರೀಟ್ ಧಾನ್ಯದ ಸೈಲೋಗಳನ್ನು, ಹಳೇ ಕಾರ್ಖಾನೆಗಳನ್ನು ಗಂಭೀರ ವಾಸ್ತುಶಿಲ್ಪವಾಗಿ ಅಧ್ಯಯನ ಮಾಡಿದ ಇತಿಹಾಸಕಾರ. ಷಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡಗ್ಲಸ್ ಗ್ಯಾರೊಫಲೋ ಹೆಸರಿನ 9 ತಿಂಗಳ ಬೋಧನಾ ಫೆಲೋಶಿಪ್ ಇದೆ. ಅವರು ಅಲ್ಲೇ ಅಧ್ಯಾಪಕರಾಗಿದ್ದು 2011ರಲ್ಲಿ ತೀರಿಕೊಂಡರು. ಸಿರಕ್ಯೂಸ್‌ನಲ್ಲಿ 2015ರಲ್ಲಿ ಶುರುವಾದ ಹ್ಯಾರಿ ಡೆರ್ ಬೊಘೋಸಿಯನ್ ಫೆಲೋಶಿಪ್, ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಲಫೀವರ್ ಫೆಲೋಶಿಪ್ ಇವೆ. ಇವುಗಳಲ್ಲಿ ಯಾವುದು ಸ್ವಂತ ಪ್ರಾಕ್ಟೀಸ್ ಶುರು ಮಾಡ್ತಿರುವವರನ್ನ ಹುಡುಕ್ತಿದೆ, ಯಾವುದು ಬರವಣಿಗೆಯವರನ್ನ ಹುಡುಕ್ತಿದೆ ಅನ್ನೋದು ಹಿಂದಿನ ಫೆಲೋಗಳ ಕೆಲಸ ನೋಡಿದರೆ ತಿಳಿಯುತ್ತೆ. ಅರ್ಜಿ ಕರೆಯ ಒಕ್ಕಣೆಗಿಂತ ಆ ಕೆಲಸಗಳನ್ನೇ ನಂಬಿ.

ಸಮಯದ ವಿಷಯಕ್ಕೆ ಬರೋಣ. ಸ್ಟುಡಿಯೋ (ವಿನ್ಯಾಸದ ತರಗತಿ) ಸಾಮಾನ್ಯವಾಗಿ ವಾರಕ್ಕೆ ಮೂರು ಮಧ್ಯಾಹ್ನ, ಪ್ರತಿ ಸಲ ಸುಮಾರು 4 ಗಂಟೆ. ನಿಮ್ಮ ಪಾಲಿಗೆ ಹನ್ನೆರಡು ವಿದ್ಯಾರ್ಥಿಗಳು ಬಂದರು ಅಂತಿಟ್ಕೊಳ್ಳಿ. ತಲಾ 20 ನಿಮಿಷ ಡೆಸ್ಕ್ ಕ್ರಿಟ್ (ಮೇಜಿನ ಬಳಿ ಕೂತು ಅವರ ಕೆಲಸ ಚರ್ಚಿಸೋದು) ಅಂದ್ರೆ ಆ 4 ಗಂಟೆ ಅಲ್ಲಿಗೇ ಮುಗೀತು. ಅದರ ಮೇಲೆ ಸಿಲಬಸ್ ತಯಾರಿ, ಪಿನ್-ಅಪ್ (ಕೆಲಸವನ್ನು ಗೋಡೆಗೆ ಹಚ್ಚಿ ಚರ್ಚಿಸೋದು), ಬೇರೆಯವರ ಜ್ಯೂರಿ, ರಾತ್ರಿ ಹತ್ತಕ್ಕೆ ಬರೋ "ಸ್ವಲ್ಪ ಈ ಸೆಕ್ಷನ್ ಡ್ರಾಯಿಂಗ್ ನೋಡ್ತೀರಾ" ಮೆಸೇಜು. ಮೊದಲ ಸೆಮಿಸ್ಟರ್ ಪೂರ್ತಿ ಪಾಠಕ್ಕೇ ಹೋಗುತ್ತೆ. ಆದ್ದರಿಂದ ಪಾಠ ಒಂದು ಕಡೆ, ಸಂಶೋಧನೆ ಇನ್ನೊಂದು ಕಡೆ ಅಂತ ಎರಡು ಹಳಿ ಹಾಕ್ಕೊಂಡವರಿಗೆ ಸಂಶೋಧನೆ ಉಳಿಯಲ್ಲ. ಎರಡೂ ಒಂದೇ ಮೇಜಿನ ಮೇಲೆ ನಡೆಯೋ ಹಾಗೆ ಯೋಜಿಸಿದರೆ ಮಾತ್ರ ಏಪ್ರಿಲ್ ಹೊತ್ತಿಗೆ ತೋರಿಸೋಕೆ ಏನಾದ್ರೂ ಇರುತ್ತೆ.

ಗಿಲಾವು:

ಪಡಸಾಲೆ ಬರೆದಿದ್ದೆಲ್ಲ ಸರಿ. ಆದರೆ ಇನ್ನೊಂದು ಮುಖವನ್ನೂ ಹೇಳಲೇಬೇಕು. ಖಾಯಂ ಆಗುವ ಹುದ್ದೆಗೆ ಒಬ್ಬ ಅಧ್ಯಾಪಕರನ್ನು ತಗೊಂಡರೆ ಶಾಲೆ ಅವರನ್ನು ವರ್ಷಗಟ್ಟಲೆ ಬೆಳೆಸಬೇಕು, ಟೆನ್ಯೂರ್ (ಖಾಯಂ ಮಾಡುವ) ವಿಮರ್ಶೆ ಮಾಡಬೇಕು. ಅಮೆರಿಕದ ಪ್ರಾಧ್ಯಾಪಕರ ಸಂಘ 1940ರಲ್ಲಿ ಹೊರಡಿಸಿದ ಹೇಳಿಕೆಯ ಪ್ರಕಾರ ಆ ಪರೀಕ್ಷಾ ಅವಧಿ 7 ವರ್ಷ ಮೀರಬಾರದು. ಅಂದ್ರೆ ಶಾಲೆಗೂ ಒಂದು ಹೊಣೆ, ಗಡುವು ಇದೆ. ಫೆಲೋ ವಿಷಯದಲ್ಲಿ ಅದ್ಯಾವುದೂ ಇಲ್ಲ. ಪ್ರತಿ ವರ್ಷ ಹೊಸಬರು ಬರ್ತಾರೆ, ಹೊಸ ಹುರುಪು, ಹೊಸ ಪ್ರದರ್ಶನ, ಶಾಲೆಗೆ ಒಳ್ಳೇ ಹೆಸರು. ಮೇ ತಿಂಗಳಲ್ಲಿ ಕೈಕುಲುಕಿ ಕಳಿಸಿಕೊಡ್ತಾರೆ.

ನನಗೆ ತುಂಬಾ ಹತ್ತಿರದವರೊಬ್ಬರು ಒಂದು ಶಾಲೆಯಲ್ಲಿ (ಹೆಸರು ಬೇಡ) ಫೆಲೋ ಆಗಿದ್ದರು. ಅರ್ಜಿ ಕರೆಯಲ್ಲಿ ಸೆಮಿಸ್ಟರಿಗೆ ಒಂದು ಸ್ಟುಡಿಯೋ ಅಂತಿತ್ತು. ಹೋದ ಮೇಲೆ ಒಬ್ಬರು ರಜೆ ಹಾಕಿದರು ಅಂತ ಎರಡನೇ ಕೋರ್ಸ್, ಆಮೇಲೆ ಥೀಸಿಸ್ ವಿದ್ಯಾರ್ಥಿಗಳ ಸಲಹೆ. ಬೇಡ ಅನ್ನೋ ಧೈರ್ಯ ಹೇಗೆ ಬರುತ್ತೆ? ಮುಂದಿನ ಶಿಫಾರಸು ಪತ್ರ ಬರೆಯೋರು ಅವರೇ. ಆ ವರ್ಷ ಅವರ ಸ್ವಂತ ಕೆಲಸ ಒಂದಿಂಚೂ ಮುಂದೆ ಹೋಗಲಿಲ್ಲ.

ಅರ್ಜಿ ಹಾಕಬೇಡಿ ಅಂತ ಹೇಳ್ತಿಲ್ಲ. ಕೋರ್ಸುಗಳ ಸಂಖ್ಯೆ ನೇಮಕಾತಿ ಪತ್ರದಲ್ಲೇ ಅಚ್ಚಾಗಿರಲಿ. ಬಾಯಿಮಾತು ಸಾಲದು.

ನೇರಗೆರೆ:

ಆಯ್ಕೆ ಸಮಿತಿಯಲ್ಲಿ ಕೂತು ಅರ್ಜಿ ಓದಿದವಳಾಗಿ ಹೇಳ್ತಿದ್ದೇನೆ. ಗಿಲಾವು ಅವರ ಮಾತಲ್ಲಿ ಸತ್ಯ ಇದೆ. ಆದರೂ ಪಿಎಚ್‌ಡಿ ಇಲ್ಲದವರಿಗೆ ಇದರಷ್ಟು ನೇರವಾದ ಬಾಗಿಲು ಬೇರೆ ಇಲ್ಲ ಅನ್ನೋದೂ ಅಷ್ಟೇ ಸತ್ಯ. ಯುರೋಪಿನ ಮರಿ ಸ್ಕ್ಲೊಡೊವ್‌ಸ್ಕಾ-ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್ ನೋಡಿ: ಪಿಎಚ್‌ಡಿ ಆಗಿರಲೇಬೇಕು, ಅದಾದ ಮೇಲಿನ ಸಂಶೋಧನಾ ಅನುಭವ 8 ವರ್ಷ ಮೀರಿರಬಾರದು. ಅದು ಬೇರೆಯೇ ಜಗತ್ತು. ಅಮೆರಿಕದ ಆರ್ಕಿಟೆಕ್ಚರ್ ಶಾಲೆಗಳಲ್ಲಿ ವಿನ್ಯಾಸ ಕಲಿಸೋಕೆ ಎಂ.ಆರ್ಕ್. ಪದವಿಯನ್ನೇ ಸಾಮಾನ್ಯವಾಗಿ ಅಂತಿಮ ಅರ್ಹತೆ ಅಂತ ಒಪ್ತಾರೆ. ಅದಕ್ಕೇ ಈ ಫೆಲೋಶಿಪ್‌ಗಳು ಅಲ್ಲಿ ಈ ರೂಪದಲ್ಲಿ ಬೆಳೆದಿವೆ.

ಈಗ ಅರ್ಜಿಯನ್ನು ಹೇಗೆ ಓದ್ತೀವಿ ಅನ್ನೋದು. ಪೋರ್ಟ್‌ಫೋಲಿಯೋ ಎಲ್ಲರೂ ಚೆನ್ನಾಗೇ ಮಾಡಿರ್ತಾರೆ. ರೆಂಡರಿಂಗ್ ನೋಡಿ ಯಾರನ್ನೂ ಆರಿಸಿದ ನೆನಪಿಲ್ಲ. ನಾನು ನೇರ ಸಂಶೋಧನಾ ಪ್ರಸ್ತಾವಕ್ಕೆ ಹೋಗ್ತೀನಿ, ಅಲ್ಲಿ ಒಂದೇ ಹುಡುಕ್ತೀನಿ: ಇದು 9 ತಿಂಗಳಲ್ಲಿ ಮುಗಿಯುತ್ತಾ? ಮುಗಿದಾಗ ಗ್ಯಾಲರಿಯ ನೆಲದ ಮೇಲೆ, ಗೋಡೆಯ ಮೇಲೆ ಏನಿರುತ್ತೆ? "ವಾಸ್ತುಶಿಲ್ಪ ಮತ್ತು ಹವಾಮಾನ ಬಿಕ್ಕಟ್ಟಿನ ಸಂಬಂಧವನ್ನು ಮರುಚಿಂತಿಸುವುದು" ಅಂತ ಬರೆದವರ ಅರ್ಜಿ ಎಷ್ಟೇ ಸುಂದರವಾಗಿದ್ದರೂ ಮುಂದಿನ ಸುತ್ತಿಗೆ ಹೋಗೋದು ಕಷ್ಟ.

ಎರಡನೆಯದು ಕೋರ್ಸ್ ಪ್ರಸ್ತಾವ. ಅರ್ಜಿದಾರರು ಇದನ್ನು ಕೊನೆಯ ರಾತ್ರಿ ಬರೆದಿರ್ತಾರೆ, ಓದಿದ ಕೂಡಲೇ ತಿಳಿಯುತ್ತೆ. ನಮಗೆ ಬೇಕಾಗಿರೋದು ಮೂರನೇ ವಾರ ವಿದ್ಯಾರ್ಥಿ ಕೈಯಲ್ಲಿ ಏನು ಹಿಡಿದಿರ್ತಾನೆ, ಎಂಟನೇ ವಾರ ಏನು ಹಿಡಿದಿರ್ತಾನೆ ಅನ್ನೋದು. ಪಾಠ ಮಾಡಿದ ಅನುಭವ ಕಡಿಮೆ ಇದ್ದರೂ ಪರವಾಗಿಲ್ಲ. ತರಗತಿಯನ್ನು ಕಣ್ಣಮುಂದೆ ತಂದುಕೊಂಡಿದ್ದೀರಾ ಅನ್ನೋದು ಅಲ್ಲಿ ಕಾಣುತ್ತೆ.

ತೊಲೆಜಂತಿ, ನಿಮ್ಮ ವಿಷಯ ನನಗೆ ಹಿಡಿಸಿತು. ಪ್ರಸ್ತಾವದ ಮೊದಲ ಪ್ಯಾರಾ ಇಲ್ಲಿ ಹಾಕ್ತೀರಾ?

ತೊಲೆಜಂತಿ:

ಹಾಕ್ತೀನಿ ಮೇಡಂ. ಈಗಿರೋದು ಹೀಗಿದೆ:

"ನಿರ್ಮಾಣ ಕ್ಷೇತ್ರದ ತ್ಯಾಜ್ಯವು ಜಾಗತಿಕ ಸಮಸ್ಯೆಯಾಗಿದೆ. ಈ ಸಂಶೋಧನೆಯು ಮರುಬಳಕೆಯ ಮರದ ಸಾಧ್ಯತೆಗಳನ್ನು ವಿನ್ಯಾಸದ ದೃಷ್ಟಿಯಿಂದ ಅನ್ವೇಷಿಸುತ್ತದೆ ಹಾಗೂ ಹೊಸ ಸೌಂದರ್ಯಪ್ರಜ್ಞೆಯನ್ನು ಪ್ರಸ್ತಾಪಿಸುತ್ತದೆ."

ನೇರಗೆರೆ:

ಇದನ್ನು ಯಾರು ಬೇಕಾದರೂ ಬರೀಬಹುದು. ನೀವು ಹಳೇ ಮರ ಮುಟ್ಟಿದವರು. ಮುಟ್ಟಿದಾಗ ಎದುರಾದ ತೊಂದರೆ ಏನು, ಅದನ್ನ ಹೇಳಿ. ಅಲ್ಲಿಂದ ಶುರು ಮಾಡಿ.

ತೊಲೆಜಂತಿ:

ತೊಂದರೆ ಅಂದ್ರೆ, ಮೊದಲು ಮೊಳೆ. ಮೆಟಲ್ ಡಿಟೆಕ್ಟರ್ ಹಿಡಿದು ಇಡೀ ಉದ್ದ ನೋಡಬೇಕು. ಒಂದು ತಪ್ಪಿಸಿಕೊಂಡರೂ ಗರಗಸದ ಹಲ್ಲು ಹೋಗುತ್ತೆ. ಆಮೇಲೆ ಹಳೇ ಬೋಲ್ಟಿನ ತೂತು, ಕೊರೆದ ಕಚ್ಚು. ಅದು ತೊಲೆಯ ನಡುಭಾಗದ ಕೆಳ ಅಂಚಿನಲ್ಲಿದ್ದರೆ ಬಾಗುವ ಒತ್ತಡ ಅಲ್ಲೇ ಹೆಚ್ಚು, ಆ ತುಂಡನ್ನು ತೊಲೆಯಾಗಿ ಬಳಸೋ ಹಾಗಿಲ್ಲ. ಕತ್ತರಿಸಿ ಕುಳ್ಳ ಕಂಬ ಮಾಡಬಹುದು. ಮರದ ಬಲ ಎಷ್ಟು ಅಂತ ತೋರಿಸುವ ಗ್ರೇಡ್ ಮುದ್ರೆ ಇರಲ್ಲ, ಹಾಗಾಗಿ ಎಂಜಿನಿಯರ್ ಸಹಿ ಹಾಕೋಕೆ ಹಿಂಜರೀತಾರೆ, ಮತ್ತೆ ಒಂದೊಂದನ್ನೂ ನೋಡಿ ಗ್ರೇಡ್ ಮಾಡಿಸಬೇಕು.

ಎಲ್ಲಕ್ಕಿಂತ ಹೆಚ್ಚು ಕಾಡೋದು ಅಳತೆ. ಇವತ್ತು ಅಂಗಡಿಯಲ್ಲಿ "ಎರಡು-ನಾಲ್ಕು" ಅಂತ ಮಾರುವ ಅಮೆರಿಕನ್ ಮರ ನಿಜಕ್ಕೆ 38×89 ಮಿ.ಮೀ. ಹಳೇ ಒರಟು ಕೊಯ್ತದ ಮರ ಪೂರ್ತಿ ಎರಡು ಇಂಚು, ನಾಲ್ಕು ಇಂಚಿನ ಹತ್ತಿರ ಇರುತ್ತೆ. ತೊಲೆಯ ತುದಿ ಹಿಡಿಯೋ ಹೊಸ ಉಕ್ಕಿನ ಹ್ಯಾಂಗರ್‌ನಲ್ಲಿ ಅದು ಕೂರಲ್ಲ. ಕೂರಿಸೋಕೆ ಅಂತ ಹತ್ರಿ ಹೊಡೆದರೆ (ಮೈ ಹೆರೆದರೆ) ಒಳ್ಳೇ ಮರ ಹೊಟ್ಟಾಗಿ ಹೋಗುತ್ತೆ. ಹೊಡೀದಿದ್ದರೆ ಜೋಡಣೆಯನ್ನೇ ಹೊಸದಾಗಿ ಯೋಚಿಸಬೇಕು.

ನೇರಗೆರೆ:

ಪ್ರಸ್ತಾವ ಇಲ್ಲೇ ಇದೆ! ಕೊನೆಯ ಪ್ಯಾರಾವನ್ನೇ ಮೊದಲ ಪ್ಯಾರಾ ಮಾಡಿ. "ಅಳತೆ ಸಮವಿಲ್ಲದ ಹಳೇ ಮರವನ್ನು ಹತ್ರಿ ಹೊಡೆಯದೆ ಸೇರಿಸುವ ಜೋಡಣೆಗಳು" ಅಂತ ಹಿಡಿಯಿರಿ. ಅದು 9 ತಿಂಗಳ ಕೆಲಸ. ಕೊನೆಗೆ ಗ್ಯಾಲರಿಯಲ್ಲಿ ಪೂರ್ಣ ಗಾತ್ರದ ಜೋಡಣೆಗಳು ನಿಂತಿರುತ್ತವೆ, ಜನ ಮುಟ್ಟಿ ನೋಡಬಹುದು. ತ್ಯಾಜ್ಯ, ಹವಾಮಾನ ಎಲ್ಲ ಹಿಂದಿನಿಂದ ತಾನಾಗೇ ಬರುತ್ತೆ.

ಪಡಸಾಲೆ:

ಹೌದು ಹೌದು. ಇದಕ್ಕೆ ಸ್ಟುಡಿಯೋ ಕೂಡ ಸಹಜವಾಗಿ ಹೊಂದುತ್ತೆ. ಮೊದಲ ಎರಡು ವಾರ ವಿದ್ಯಾರ್ಥಿಗಳು ಏನನ್ನೂ ಡಿಸೈನ್ ಮಾಡೋದು ಬೇಡ. ಸಿಕ್ಕ ಮರದ ಒಂದೊಂದು ತುಂಡನ್ನೂ ಅಳೆದು, ತೂತು, ಬಿರುಕು, ತಿರುಚು ಎಲ್ಲ ಗುರುತಿಸಿ ಒಂದು ದಾಸ್ತಾನು ಪಟ್ಟಿ ಮಾಡಲಿ. ಆಮೇಲೆ ಆ ಪಟ್ಟಿಯಲ್ಲಿ ಇರೋದರಿಂದ ಮಾತ್ರ ಒಂದು ಚಾವಣಿ. ಸಾಮಾನ್ಯವಾಗಿ ಡ್ರಾಯಿಂಗ್ ಮೊದಲು, ಸಾಮಗ್ರಿ ಆಮೇಲೆ. ಇಲ್ಲಿ ಅದು ತಿರುಗಿಬೀಳುತ್ತೆ. ಎರಡನೇ ವರ್ಷದ ಮಕ್ಕಳಿಗೂ ಇದನ್ನ ಕಲಿಸಬಹುದು.

ಎರಡನೇಮಹಡಿ:

ನಾನು ಫೆಲೋ ಒಬ್ಬರ ಸ್ಟುಡಿಯೋದಲ್ಲಿ ವಿದ್ಯಾರ್ಥಿನಿಯಾಗಿದ್ದೆ. ಮೇಜಿನ ಆ ಕಡೆಯಿಂದ ಎರಡು ಮಾತು.

ಅವರಷ್ಟು ಮನಸ್ಸಿಟ್ಟು ಕಲಿಸಿದವರು ಕಡಿಮೆ. ವಯಸ್ಸಲ್ಲಿ ಹತ್ತಿರ, ನಮ್ಮ ಭಯ ಅವರಿಗೆ ಗೊತ್ತಿತ್ತು, ನಾವು ಓದದೇ ಇದ್ದದ್ದೂ ಗೊತ್ತಾಗ್ತಿತ್ತು. ಆದರೆ ಎರಡನೇ ಸೆಮಿಸ್ಟರಿನಲ್ಲಿ ಅವರ ಪ್ರದರ್ಶನ ಹತ್ತಿರ ಬಂದ ಹಾಗೆ ನಮ್ಮ ಸ್ಟುಡಿಯೋ ನಿಧಾನವಾಗಿ ಅವರ ವರ್ಕ್‌ಶಾಪ್ ಆಯ್ತು. ನಾವು ಅವರ ಮಾಡೆಲ್‌ಗೆ ತುಂಡು ಕತ್ತರಿಸ್ತಿದ್ದೆವು. ಕತ್ತರಿಸೋದನ್ನು ಕಲಿತೆವು, ನಿಜ. ಆದರೆ ನನ್ನ ಪೋರ್ಟ್‌ಫೋಲಿಯೋದಲ್ಲಿ ಆ ಸೆಮಿಸ್ಟರಿನ ಜಾಗದಲ್ಲಿ ಹಾಕೋಕೆ ನನ್ನದು ಅನ್ನುವಂಥದ್ದು ಏನೂ ಇರಲಿಲ್ಲ. ನಾವು ಶುಲ್ಕ ಕಟ್ಟಿ ಬಂದವರು.

"ಎರಡೂ ಒಂದೇ ಮೇಜಿನ ಮೇಲೆ" ಅಂತ ಪಡಸಾಲೆ ಬರೆದರಲ್ಲ, ಅಲ್ಲಿ ಒಂದು ಗೆರೆ ಎಳೆಯಲೇಬೇಕು. ದಾಸ್ತಾನು ಪಟ್ಟಿ ಎಲ್ಲರಿಗೂ ಒಂದೇ ಇರಲಿ, ಚಾವಣಿ ಮಾತ್ರ ಪ್ರತಿ ವಿದ್ಯಾರ್ಥಿಯದ್ದೂ ಅವರವರದ್ದೇ ಆಗಿರಲಿ. ಫೆಲೋನ ಜೋಡಣೆಗೆ ಕೈ ಬೇಕಿದ್ದರೆ ಸಂಬಳದ ಸಹಾಯಕರನ್ನು ಇಟ್ಕೊಳ್ಳಲಿ.

ಪಡಸಾಲೆ:

ಒಪ್ಪಿದೆ. ನಾನು ಬರೆದದ್ದಕ್ಕೆ ಇದನ್ನ ಸೇರಿಸಿ ಓದಿಕೊಳ್ಳಿ. ಕೆಲವು ಶಾಲೆಗಳಲ್ಲಿ ಫೆಲೋಗೆ ಸ್ಟುಡಿಯೋ ಜೊತೆ ಒಂದು ಐಚ್ಛಿಕ ಸೆಮಿನಾರ್ ಕೂಡ ಕೊಡ್ತಾರೆ. ಸ್ವಂತ ಸಂಶೋಧನೆ ಇರಬೇಕಾದ ಜಾಗ ಆ ಸೆಮಿನಾರು. ವಿಷಯ ಇಷ್ಟವಾಗಿ ಬಂದವರೇ ಅಲ್ಲಿ ಇರ್ತಾರೆ, ಏನು ಮಾಡ್ತೀವಿ ಅಂತ ಮೊದಲ ದಿನವೇ ಗೊತ್ತಿರುತ್ತೆ. ಸೆಮಿನಾರ್ ಕೊಡ್ತೀರಾ ಅಂತ ಸಂದರ್ಶನದಲ್ಲೇ ಕೇಳಿ.

ಸಜ್ಜೆ:

ಹಣ ಮತ್ತು ಕಾಗದಪತ್ರದ ಬಗ್ಗೆ ಯಾರೂ ಬರೀಲಿಲ್ಲ, ನಾನು ಬರೀತೀನಿ. ಹೊರದೇಶದಿಂದ ಹೋಗುವವರಿಗೆ ಇದೇ ಮುಖ್ಯ.

ಸಂಬಳ ಶೈಕ್ಷಣಿಕ ವರ್ಷದ 9 ತಿಂಗಳಿಗೆ. ಬೇಸಿಗೆಯ ಮೂರು ತಿಂಗಳು ಏನು? ಕೆಲವು ಕಡೆ ಅದೇ ಮೊತ್ತವನ್ನು 12 ಕಂತು ಮಾಡಿ ಕೊಡ್ತಾರೆ, ಕೆಲವು ಕಡೆ ಇಲ್ಲ. ಆರೋಗ್ಯ ವಿಮೆ ಯಾವ ತಿಂಗಳಿಗೆ ನಿಲ್ಲುತ್ತೆ ಅಂತ ಕೇಳಿ. ಅಲ್ಲಿ ವಿಮೆ ಇಲ್ಲದ ಒಂದು ತಿಂಗಳೂ ಅಪಾಯವೇ. ಪ್ರದರ್ಶನದ ಹಣ ಸಂಬಳದಿಂದ ಬೇರೆಯಾ, ಅದನ್ನು ನೀವು ಮೊದಲು ಖರ್ಚು ಮಾಡಿ ಆಮೇಲೆ ವಾಪಸ್ ಪಡೀಬೇಕಾ? ಹೊಸದಾಗಿ ಹೋದವರ ಬಳಿ ಕ್ರೆಡಿಟ್ ಕಾರ್ಡೇ ಇರಲ್ಲ, ಪೂರ್ಣ ಗಾತ್ರದ ಮರ ಸಾಗಿಸೋಕೆ ಕೈಯಿಂದ ಹಾಕೋದು ಹೇಗೆ?

ವೀಸಾ: ಇಂಥ ಅಲ್ಪಾವಧಿ ನೇಮಕಕ್ಕೆ ಹಲವು ಕಡೆ ಜೆ-1 (ವಿನಿಮಯ ಕಾರ್ಯಕ್ರಮದ ವೀಸಾ) ಕೊಡ್ತಾರೆ. ಪ್ರಾಧ್ಯಾಪಕ–ಸಂಶೋಧಕ ವರ್ಗದಲ್ಲಿ ಗರಿಷ್ಠ 5 ವರ್ಷ. ಆದರೆ ಒಂದು ವರ್ಷಕ್ಕೇ ಕಾರ್ಯಕ್ರಮ ಮುಗಿಸಿಬಿಟ್ಟರೆ ಅದೇ ವರ್ಗದಲ್ಲಿ ಮತ್ತೆ ಬರೋಕೆ 24 ತಿಂಗಳು ಕಾಯಬೇಕು. ಜೊತೆಗೆ ಸರ್ಕಾರದ ಹಣ ಬಂದಿದ್ದರೆ, ಅಥವಾ ನಿಮ್ಮ ದೇಶ ಮತ್ತು ವಿಷಯ ಅವರ ಕೌಶಲ್ಯ ಪಟ್ಟಿಯಲ್ಲಿದ್ದರೆ, ಎರಡು ವರ್ಷ ಸ್ವದೇಶದಲ್ಲಿರಬೇಕು ಅನ್ನೋ ನಿಯಮ ಬೇರೆ. ಯಾವ ವೀಸಾ, ಈ ನಿಯಮ ತಗಲುತ್ತಾ ಅಂತ ಸಹಿ ಹಾಕುವ ಮುಂಚೆ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಕಚೇರಿಯಿಂದಲೇ ಬರಹದಲ್ಲಿ ಪಡೀರಿ. ಆರ್ಕಿಟೆಕ್ಚರ್ ವಿಭಾಗದವರಿಗೆ ಇದು ಗೊತ್ತಿರಲ್ಲ. ಒಳ್ಳೇ ಮನಸ್ಸಿಂದಲೇ ತಪ್ಪು ಉತ್ತರ ಕೊಡ್ತಾರೆ.

ತೊಲೆಜಂತಿ:

ತುಂಬಾ ಉಪಯೋಗ ಆಯ್ತು, ಎಲ್ಲರಿಗೂ ಧನ್ಯವಾದ. ಉಳಿದಿರೋದು ಕೊನೇ ಪ್ರಶ್ನೆ. ಆ ವರ್ಷ ಮುಗಿದ ಮೇಲೆ?

ಪಡಸಾಲೆ:

ಇದರ ಕಷ್ಟ ಇರೋದು ಕ್ಯಾಲೆಂಡರಿನಲ್ಲಿ. ಆಗಸ್ಟಿನಲ್ಲಿ ಸೇರ್ತೀರಿ. ಮುಂದಿನ ವರ್ಷದ ಅಧ್ಯಾಪಕ ಹುದ್ದೆಗಳ ಪ್ರಕಟಣೆ ಶರತ್ಕಾಲದಲ್ಲೇ ಬರೋಕೆ ಶುರುವಾಗುತ್ತೆ. ಆರ್ಕಿಟೆಕ್ಚರ್ ಶಾಲೆಗಳ ಸಂಘ ಎಸಿಎಸ್‌ಎ (1912ರಲ್ಲಿ ಹುಟ್ಟಿದ್ದು) ಆ ಪಟ್ಟಿ ಇಡುತ್ತೆ. ನಿಮ್ಮ ಪ್ರದರ್ಶನ ಇರೋದು ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ. ಅಂದ್ರೆ ಫೆಲೋಶಿಪ್‌ನ ಫಲ ಕೈಗೆ ಬರೋ ಮುಂಚೆಯೇ ಅದನ್ನು ತೋರಿಸಿ ಕೆಲಸ ಕೇಳಬೇಕು. ಅಕ್ಟೋಬರಿನಲ್ಲಿ ಅರ್ಜಿ ಬರೀತಾ ಕೂತಾಗ ನಿಮ್ಮ ಬಳಿ ಇರೋದು ಅರ್ಧ ಮಾಡಿದ ಒಂದು ಜೋಡಣೆ ಮತ್ತು ವಿದ್ಯಾರ್ಥಿಗಳ ಮಧ್ಯಾವಧಿ ಕೆಲಸ ಅಷ್ಟೇ.

ಅದಕ್ಕೇ, ಹೋಗೋ ಮುಂಚಿನ ಬೇಸಿಗೆಯಲ್ಲೇ ಮೊದಲ ಜೋಡಣೆಯನ್ನು ಪೂರ್ಣ ಗಾತ್ರದಲ್ಲಿ ಮಾಡಿ ಮುಗಿಸಿ, ಒಳ್ಳೇ ಫೋಟೋ ತೆಗೆಸಿ. ಸೆಪ್ಟೆಂಬರಿನಿಂದ ಪ್ರತಿ ಪಿನ್-ಅಪ್ ಆದ ದಿನವೇ ವಿದ್ಯಾರ್ಥಿಗಳ ಕೆಲಸವನ್ನ ಅವರ ಒಪ್ಪಿಗೆ ಪಡೆದು ದಾಖಲಿಸಿ. ಆಮೇಲೆ ಮಾಡೋಣ ಅಂದ್ರೆ ಮಾಡೆಲ್‌ಗಳು ಕಸದ ಬುಟ್ಟಿಗೆ ಹೋಗಿರ್ತವೆ. ಸರ್ಚ್ ಕಮಿಟಿ (ಹುದ್ದೆಗೆ ಆರಿಸುವ ಸಮಿತಿ) ಕೇಳೋದೇ ಅದನ್ನ.

ಬರವಣಿಗೆಯನ್ನೂ ಬಿಡಬೇಡಿ. ಪ್ರದರ್ಶನ ಕಳಚಿದ ಮೇಲೆ ಉಳಿಯೋದು ಅದೊಂದೇ. ಎಸಿಎಸ್‌ಎ ಪ್ರತಿವರ್ಷ ಸಮ್ಮೇಳನ ಮಾಡುತ್ತೆ, 1947ರಿಂದ ವಾಸ್ತುಶಿಲ್ಪ ಶಿಕ್ಷಣದ ನಿಯತಕಾಲಿಕವನ್ನೂ ತರ್ತಿದೆ. ಸಣ್ಣ ಪ್ರಬಂಧವೇ ಆಗಲಿ, ತಜ್ಞರು ಓದಿ ಒಪ್ಪಿದ್ದು ಒಂದಿದ್ದರೆ ತೂಕ ಬೇರೆ. ಷಿಕಾಗೋದ ಗ್ರಹಾಂ ಫೌಂಡೇಶನ್ (1956ರಿಂದ ಇದೆ) ವ್ಯಕ್ತಿಗಳಿಗೂ ಅನುದಾನ ಕೊಡುತ್ತೆ. ಪ್ರದರ್ಶನವನ್ನು ಪ್ರಕಟಣೆಯಾಗಿ ಬೆಳೆಸೋಕೆ ಅಲ್ಲಿ ಪ್ರಯತ್ನಿಸಬಹುದು.

ಒಂದು ವರ್ಷಕ್ಕೆ ಖಾಯಂ ಹುದ್ದೆ ಸಿಕ್ಕವರಿದ್ದಾರೆ. ಇನ್ನೊಂದು ಊರಿನ ಇನ್ನೊಂದು ಫೆಲೋಶಿಪ್‌ಗೆ ಪೆಟ್ಟಿಗೆ ಕಟ್ಟಿದವರೂ ಇದ್ದಾರೆ. ಎರಡನೇ ಸಲ ಕಟ್ಟುವಾಗ ಮನೆಯವರ ಜೊತೆ ಕೂತು ಸರಿಯಾಗಿ ಮಾತಾಡಿ. ನಾನು ಬಲ್ಲ ಪ್ರತಿಭಾವಂತರಲ್ಲಿ ಪಾಠ ಬಿಟ್ಟವರು ಹೆಚ್ಚಾಗಿ ಬಿಟ್ಟದ್ದು ಆ ಅಲೆದಾಟಕ್ಕೆ. ಪಾಠದ ಮೇಲಿನ ಪ್ರೀತಿ ಅವರಿಗೆ ಯಾರಿಗೂ ಕಮ್ಮಿ ಆಗಿರಲಿಲ್ಲ. ಅದು ನನಗೆ ಇವತ್ತಿಗೂ ನೋವಿನ ವಿಷಯ.

ಗಿಲಾವು:

ಇದನ್ನ ಪಡಸಾಲೆ ಬರೆದದ್ದು ಒಳ್ಳೇದಾಯ್ತು. ಶಾಲೆಯನ್ನು ನೇರವಾಗಿ ಕೇಳಿ: ಕಳೆದ ಐದು ಫೆಲೋಗಳು ಈಗ ಎಲ್ಲಿದ್ದಾರೆ? ಅವರಲ್ಲಿ ಇಬ್ಬರ ಜೊತೆ ನಾನು ಮಾತಾಡಬಹುದಾ? ಒಳ್ಳೇ ಶಾಲೆ ಖುಷಿಯಿಂದ ನಂಬರ್ ಕೊಡುತ್ತೆ.

ಎರಡನೇಮಹಡಿ:

ನನ್ನದೊಂದು ಸೇರಿಸಿ. ಪ್ರದರ್ಶನದ ಫಲಕದಲ್ಲಿ ಪ್ರತಿ ವಿದ್ಯಾರ್ಥಿಯ ಹೆಸರೂ ಇರಲಿ, ಯಾರು ಏನು ಮಾಡಿದರು ಅನ್ನೋದರ ಸಮೇತ. ಪ್ರಬಂಧದಲ್ಲೂ ಹಾಗೇ. ದಾಸ್ತಾನು ಪಟ್ಟಿ ಮಾಡುವ ದಿನವೇ ಹೆಸರು ಬರೆಯೋ ಒಂದು ಕಾಲಂ ಇಟ್ಟುಬಿಡಿ, ಯಾವ ತುಂಡನ್ನು ಯಾರು ಅಳೆದರು ಅಂತ. ಏಪ್ರಿಲ್‌ನಲ್ಲಿ ನೆನಪು ಮಾಡ್ಕೊಂಡು ಬರೆಯೋಕೆ ಹೋದರೆ ಇಬ್ಬರು ಮೂವರು ತಪ್ಪಿಹೋಗಿರ್ತಾರೆ.

ತೊಲೆಜಂತಿ:

ಕಾಲಂ ಸೇರಿಸಿದೆ. ಪ್ರಸ್ತಾವವನ್ನು ಅಳತೆಯ ಪ್ಯಾರಾದಿಂದ ಶುರು ಮಾಡಿ ಮತ್ತೆ ಬರೀತಿದ್ದೇನೆ. ನೇರಗೆರೆ ಮೇಡಂ, ಕೋರ್ಸ್ ಪ್ರಸ್ತಾವದಲ್ಲಿ ಮೂರನೇ ವಾರ ದಾಸ್ತಾನು ಪಟ್ಟಿ ಮುಗಿದು ಒಂದು ಜೋಡಣೆಯ ಕಾಲು ಗಾತ್ರದ ಮಾಡೆಲ್, ಎಂಟನೇ ವಾರ ಅವರವರ ಚಾವಣಿಯ ಸೆಕ್ಷನ್ ಅಂತ ಇಟ್ಟಿದ್ದೇನೆ. ಸರಿ ಹೋಗುತ್ತಾ?

ನೇರಗೆರೆ:

ಮೂರನೇ ವಾರಕ್ಕೆ ಕಾಲು ಗಾತ್ರ ಬೇಡ, ಪೂರ್ಣ ಗಾತ್ರವೇ ಇರಲಿ, ಇಬ್ಬಿಬ್ಬರು ಸೇರಿ ಒಂದು. ಸಣ್ಣ ಮಾಡೆಲ್‌ನಲ್ಲಿ ಮರ ತಿರುಚಿರೋದು ಕಾಣಲ್ಲ. ವರ್ಕ್‌ಶಾಪ್ ಸುರಕ್ಷತಾ ತರಬೇತಿಗೆ ಮೊದಲ ವಾರದಲ್ಲೇ ಜಾಗ ಬಿಡಿ, ಅದಾಗದೆ ಯಾರಿಗೂ ಗರಗಸ ಮುಟ್ಟೋಕೆ ಬಿಡಲ್ಲ. ಉಳಿದದ್ದು ಸರಿಯಿದೆ. ಪೂರ್ತಿ ಕರಡು ಆದಾಗ ಕಳಿಸಿ, ಓದ್ತೀನಿ.